ಎಡಗಡೆಯ ತಂಗಿ

ಫೆಬ್ರುವರಿ 10, ಸೋಮವಾರ

ಇದನ್ನು ಬರೆಯಲು ಕೂತಿರುವುದು ಇವರ ಕಾಟ ತಾಳಲಾರದೆ. ಆಫೀಸಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ ಬೈಯಲು ಶುರು ಮಾಡುತ್ತೇನಂತೆ. ಬೈಯುವುದನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಮನೆಯಲ್ಲಿ ಸ್ವಲ್ಪ ಗಾಳಿಯಾಡುತ್ತದೆ ಎಂದು ನನ್ನ ಗಂಡನ ಅಭಿಪ್ರಾಯ. ದಿನವಿಡೀ ಲಿಫ್ಟು ರಿಪೇರಿ ಮಾಡುವ ಮನುಷ್ಯನಿಗೆ ಗ್ರಾಹಕರೆಂದರೆ ಏನು ಗೊತ್ತು? ಲಿಫ್ಟು ಏರಿತೋ ಇಳಿಯಿತೋ, ಕೆಲಸ ಮುಗಿಯಿತು. ನನ್ನ ಕೈಕೆಳಗಿರುವ ವೆಬ್‌ಸೈಟುಗಳಿಗೆ ಹಾಗೆ ಮುಗಿಯುವುದೆಂಬುದೇ ಇಲ್ಲ.

ಇವತ್ತಿನ ದೊಡ್ಡ ಸಂಗತಿ ಹಲ್ಲಿನ ಡಾಕ್ಟರದು. ಅವರ ಸೈಟನ್ನು ಫೋನಿನಲ್ಲಿ ತೆರೆದರೆ ಮೆನು ಕೆಳಗೆ ಜಾರಿ 'ಸಮಯ ಕಾಯ್ದಿರಿಸಿ' ಎಂಬ ಗುಂಡಿಯ ಮೇಲೆ ಕೂತುಬಿಡುತ್ತಿತ್ತು. ಒಂದು ಸಾಲು ತಿದ್ದಿದೆ, ಸರಿಹೋಯಿತು. ಅದನ್ನು ಅವರು ನೋಡಲೂ ಇಲ್ಲ. ನೀಲಿ ಬಣ್ಣ ಸ್ವಲ್ಪ ನಗುವಂತಿರಬೇಕು ಎಂದು ಅರ್ಧ ಗಂಟೆ ಕೊರೆದರು. ನಗುವ ನೀಲಿ! ಮೂರು ನೀಲಿ ತೋರಿಸಿದೆ, ಕೊನೆಗೆ ಮೊದಲಿದ್ದದ್ದೇ ಇರಲಿ ಎಂದರು. ಮೈಯೆಲ್ಲ ಉರಿದುಹೋಯಿತು.

ಇದನ್ನೆಲ್ಲ ಸಹಿಸಿಕೊಂಡಿರುವುದು ಸಂಗೀತ ಗ್ರಂಥಾಲಯದ ಕೆಲಸಕ್ಕೋಸ್ಕರ. ಅಲ್ಲಿ ಯಾರೂ ಕೇಳದ ಹಳೆಯ ರೆಕಾರ್ಡ್ ತಟ್ಟೆಗಳು ಕಪಾಟು ತುಂಬ ಇವೆ. ಗಡಿಯಾರ ರಿಪೇರಿಯವನೊಬ್ಬ ಗರಗಸ ಬಗ್ಗಿಸಿ ನುಡಿಸಿದ್ದು, ಟ್ರಾಮ್ ಕಂಡಕ್ಟರುಗಳೆಲ್ಲ ಸೇರಿ ಹಾಡಿದ್ದು. ಅವನ್ನೆಲ್ಲ ವೆಬ್‌ಸೈಟಿಗೆ ಏರಿಸುವ ಯೋಜನೆ. ಬೇರೆ ಯಾರೂ ಮುಟ್ಟದ ಆ ಕೆಲಸವನ್ನು ಆಫೀಸಿನ ಯಜಮಾನರ ಹತ್ತಿರ ಜಗಳಾಡಿ ತೆಗೆದುಕೊಂಡೆ. ಅಲ್ಲಿ ನನ್ನ ಪ್ರಾಣವೆಂದರೆ ಗುಂಡಿ ಅಂಗಡಿಯ ಅಕ್ಕತಂಗಿಯರು. ಅಂಗಿಗೆ ಹೊಲಿಯುವ ಗುಂಡಿ ಮಾರುತ್ತಿದ್ದ ಇಬ್ಬರು. ಅಂಗಡಿ ಮುಚ್ಚಿಕೊಂಡು, ಒಬ್ಬೊಬ್ಬರ ಮುಂದೆ ಒಂದೊಂದು ಮೈಕಿಟ್ಟು, ಒಂದೇ ಮಧ್ಯಾಹ್ನದಲ್ಲಿ ಹಾಡಿ ಮುಗಿಸಿದ ತಟ್ಟೆ. ಹೆಡ್‌ಫೋನಿನಲ್ಲಿ ಅಕ್ಕ ಬಲಕ್ಕೆ, ತಂಗಿ ಎಡಕ್ಕೆ. ಅಕ್ಕ ಒಂದು ಸಾಲು ಎತ್ತಿಕೊಳ್ಳುತ್ತಾಳೆ, ಅದು ಮುಗಿಯುವ ಮೊದಲೇ ತಂಗಿ ತುಸು ಕೆಳಗಿನ ದನಿಯಲ್ಲಿ ಅದನ್ನು ಈಸಿಕೊಳ್ಳುತ್ತಾಳೆ. ಭಾಷೆ ಯಾವುದೆಂದು ನನಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ನಾನು ಅವರ ಮಧ್ಯೆ ಸ್ಟೂಲು ಹಾಕಿಕೊಂಡು ಕೂತ ಹಾಗಿರುತ್ತದೆ. ಇವರಿಗೆ ಒಂದು ಸಲ ಕೇಳಿಸಿದೆ. ಇಬ್ಬರಿಗೂ ಶೀತ ಆಗಿದೆ ಎಂದರು.

ಫೆಬ್ರುವರಿ 13, ಗುರುವಾರ

ಎದ್ದಾಗಲೇ ಎಡಗಿವಿ ಕಟ್ಟಿಕೊಂಡಿದೆ. ತಲೆ ತಿರುಗಿ ಸ್ನಾನದ ಮನೆಯ ಬಾಗಿಲು ಹಿಡಿದುಕೊಂಡೆ. ಇವರು ಫ್ಯಾನು ಜೋರಾಗಿಟ್ಟು ಮಲಗುವುದರ ಫಲ ಇದು. ನಾನು ಶೀತದಲ್ಲಿ ಸಾಯಬೇಕು, ಇವರು ಹಾಯಾಗಿ ಗೊರಕೆ ಹೊಡೆಯಬೇಕು.

ಆಫೀಸಿಗೆ ಹೋದರೆ ಅಲ್ಲೊಂದು. ಗ್ರಂಥಾಲಯದ ಸೈಟಿನಲ್ಲಿ ಹಾಡು ನುಡಿಸುವ ಪ್ಲೇಯರ್ ಬರೆದದ್ದು ನನ್ನ ಎಡಪಕ್ಕದಲ್ಲಿ ಕೂರುವ ಗುಮ್ಮ. ಮೂವತ್ತು ದಾಟಿದ ಗಂಡಸು. ಮಾತೇ ಆಡದ ಗುಮ್ಮನಗುಸಕ ಆದ್ದರಿಂದ ಆಫೀಸಿಗೆಲ್ಲ ಅವನು ಗುಮ್ಮ. ಆಡಿದರೂ ಅವನ ಮಾತು ಅವನ ಅಂಗಿಯ ಕಾಲರಿಗೇ ಕೇಳಬೇಕು. ನಿನ್ನೆ ಸಂಜೆ ಅವನು ಪ್ಲೇಯರಿನ ಹೊಸ ಆವೃತ್ತಿ ಏರಿಸಿದ. ಇವತ್ತು ಬೆಳಿಗ್ಗೆ ನೋಡಿದರೆ ತಂಗಿ ಇಲ್ಲ. ಅಕ್ಕ ಹಾಡುತ್ತಾಳೆ, ಸಾಲು ಮುಗಿಸುತ್ತಾಳೆ, ಆಮೇಲೆ ಏನೂ ಇಲ್ಲ. ಎಡ ಚಾನಲ್ಲೇ ಮಾಯ. ಏನು ಮಾಡಿದ್ದೀಯ ಎಂದು ಕೇಳಿದರೆ ಪರದೆ ನೋಡುತ್ತಾ ಕೂತಿದ್ದಾನೆ, ಉತ್ತರವೂ ಇಲ್ಲ. ಇಪ್ಪತ್ತೆಂಟಕ್ಕೆ ಸೈಟು ಬಿಡುಗಡೆ. ಈ ಬೆಪ್ಪುತಕ್ಕಡಿಗೆ ಅದರ ಪರಿವೆಯಾದರೂ ಇದೆಯೇ?

ಫೆಬ್ರುವರಿ 14, ಶುಕ್ರವಾರ

ಇವತ್ತು ಪದ್ಧತಿಯ ಪ್ರಕಾರ ಹುಡುಕಿದೆ. ಬೈಯುವುದು ಬೇರೆ, ಹುಡುಕುವುದು ಬೇರೆ; ಹುಡುಕುವಾಗ ನನ್ನ ತಲೆ ತಣ್ಣಗಿರುತ್ತದೆ. ಬೇರೆ ಬ್ರೌಸರ್: ತಂಗಿ ಇಲ್ಲ. ಕೇಬಲ್ ಬದಲಿಸಿದೆ: ಇಲ್ಲ. ಲೆಕ್ಕಪತ್ರದವಳ ಹೆಡ್‌ಫೋನ್ ಇಸಕೊಂಡು ಹಾಕಿದೆ: ಇಲ್ಲ. ಹಾಡಿನ ಕಡತವನ್ನೇ ತೆರೆದು ಅಲೆಗಳ ಚಿತ್ರ ನೋಡಿದೆ. ಎಡಕ್ಕೂ ಬಲಕ್ಕೂ ಅಲೆ ಎದ್ದಿವೆ, ತಂಗಿ ಅಲ್ಲಿದ್ದಾಳೆ. ಅಂದಮೇಲೆ ಕಡತ ಸರಿ, ಕೇಬಲ್ ಸರಿ, ಎರಡು ಹೆಡ್‌ಫೋನ್ ಒಟ್ಟಿಗೆ ಕೆಡುವುದಿಲ್ಲ. ಉಳಿದದ್ದು ಪ್ಲೇಯರ್. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ತಂಗಿ ಬರುತ್ತಾಳೆ, ನಿಜ. ಆದರೆ ಆ ಅಂಗೈಯಗಲದ ಸ್ಪೀಕರುಗಳು ಎರಡನ್ನೂ ಕಲಸಿ ಕೊಡುತ್ತವೆ, ಅದನ್ನು ಸಾಕ್ಷಿ ಎನ್ನಲಾಗದು.

ಗುಮ್ಮ ಚೀಟಿಯಲ್ಲಿ ಬರೆದು ಕೊಟ್ಟ: 'ನನ್ನ ಮಿಷನ್‌ನಲ್ಲಿ ಎರಡೂ ಕಡೆ ಬರ್ತಿದೆ.' ಬಾಯಿ ಬಿಟ್ಟು ಹೇಳಲು ಏನು ಕಷ್ಟ ಅವನಿಗೆ? ಅದೂ ಈ ಮಾತು! ಈ ಕಸುಬಿನಲ್ಲಿ ಕೆಲಸಗಳ್ಳರೆಲ್ಲ ಹೇಳುವುದು ಇದೊಂದೇ ಮಾತು. ಚೀಟಿಯನ್ನು ಅವನೆದುರೇ ಹರಿದೆ.

ಸಂಜೆ ಇವರು ಮಾತಿಗೆ ಮಾತು ಬಂದು, ಕಿವಿ ತೋರಿಸಿಕೊಂಡು ಬಾ ಎಂದರು. ಶೀತಕ್ಕೆ ಯಾರಾದರೂ ಡಾಕ್ಟರ ಹತ್ತಿರ ಹೋಗುತ್ತಾರೆಯೇ? ಬಿಡುಗಡೆ ಮುಗಿಯಲಿ ಎಂದೆ.

ಫೆಬ್ರುವರಿ 17, ಸೋಮವಾರ

ಫ್ರಿಜ್ಜು ಹಾಳಾಗಿದೆ. ಶನಿವಾರದಿಂದ ಕೂಂ ಎಂದು ಒಂದೇ ಸಮ ಕೊರೆಯುತ್ತಿದೆ. ಇವರು ಫ್ರಿಜ್ಜಿಗೆ ಕಿವಿಯಿಟ್ಟು ಏನೂ ಇಲ್ಲ ಎಂದರು. ಲಿಫ್ಟು ಬಿಟ್ಟು ಇನ್ನೇನು ಕೇಳುತ್ತದೆ ಇವರಿಗೆ. ಹಟ ಮಾಡಿ ಮೆಕ್ಯಾನಿಕ್ಕನ್ನು ಕರೆಸಿದೆ. ಅವನು ಹಿಂದೆ ಮುಂದೆ ನೋಡಿ, ಕೊನೆಗೆ ಪ್ಲಗ್ಗನ್ನೇ ಕಿತ್ತು, ಈಗ ಹೇಳಿ ಅಮ್ಮಾ ಎಂದ. ಆಗಲೂ ಕೂಂ ಎನ್ನುತ್ತಿತ್ತು. ಹಾಗಾದರೆ ಪಕ್ಕದ ಮನೆಯ ಪಂಪು ಇರಬೇಕು. ಮೆಕ್ಯಾನಿಕ್ಕು ಇವರ ಮುಖ ನೋಡಿದ, ಇವರು ಅವನ ಮುಖ ನೋಡಿದರು. ಇಬ್ಬರ ಮೇಲೂ ಕೆಟ್ಟ ಕೋಪ ಬಂತು.

ಅವನು ಹೋದ ಮೇಲೆ ಇವರು ನನ್ನೆದುರು ಕುರ್ಚಿ ಎಳೆದುಕೊಂಡು ಕೂತರು.

"ಲಿಫ್ಟು ನಿಂತ್ರೆ ನಾವು ಯಾವುದನ್ನೂ ಬಿಡದೆ ಅನುಮಾನ ಪಡ್ತೀವಿ. ನೀನು ಕೇಬಲ್ ನೋಡ್ದೆ, ಮಿಷನ್ ನೋಡ್ದೆ, ಆ ಹುಡುಗನ್ನ ನೋಡ್ದೆ. ನಿನ್ನ ಕಿವಿ ಒಂದನ್ನ ಬಿಟ್ಟು."

"ನನ್ನ ಕಿವಿ ಮೇಲೇ ಆ ಆಫೀಸು ನಡೀತಿರೋದು" ಎಂದೆ.

ಸುಳ್ಳೇನಲ್ಲ. ಟ್ರಾಮ್ ಕಂಡಕ್ಟರುಗಳ ತಟ್ಟೆಯಲ್ಲಿ ಹಿಂದಿನ ಸಾಲಿನವನೊಬ್ಬ ಕೆಮ್ಮುವುದನ್ನು ಮೊದಲು ಹಿಡಿದವಳು ನಾನು. ಕೆಮ್ಮಿದ್ದು ಎಡಗಡೆಯವನು ಎಂದೂ ಹೇಳಿದ್ದೆ. ಅಂಥ ಕಿವಿಗೆ ಒಬ್ಬ ಲಿಫ್ಟಿನವನು ಹೆಸರಿಡುವುದೆಂದರೇನು? ಎದ್ದು ಹೋಗಿ ಬಾಗಿಲು ಹಾಕಿಕೊಂಡೆ. ಹೊರಗಿನಿಂದ ಇನ್ನೂ ಏನೋ ಅನ್ನುತ್ತಿದ್ದರು, ಸರಿಯಾಗಿ ಕೇಳಿಸಲಿಲ್ಲ. ಇತ್ತೀಚೆಗೆ ಎಲ್ಲರೂ ಗೊಣಗುವುದೇ ಆಗಿದೆ.

ಫೆಬ್ರುವರಿ 19, ಬುಧವಾರ

ಯಜಮಾನರಿಗೆ ಹೇಳಿಬಿಟ್ಟೆ. ಹೇಳಬೇಕಾದ್ದೇ. ಗುಮ್ಮನಿಗೆ ಒಂದು ವಾರದಿಂದ ಹೇಳುತ್ತಿದ್ದೇನೆ, ಗೋಡೆಗೆ ಹೇಳಿದ ಹಾಗೆ. ಪಕ್ಕದಲ್ಲೇ ಕೂತು ನಾನು ಕೇಳಿದ್ದಕ್ಕೆ ತುಟಿ ಅಲ್ಲಾಡಿಸುತ್ತಾನೆ, ಶಬ್ದ ಹೊರಗೆ ಬರುವುದಿಲ್ಲ. ನನ್ನನ್ನು ಅಣಕಿಸುತ್ತಿದ್ದಾನೆಯೇ? ಪ್ಲೇಯರ್ ಕೆಟ್ಟಿದೆ, ಒಪ್ಪಿಕೊಳ್ಳುತ್ತಿಲ್ಲ, ಇಂಥವನನ್ನಿಟ್ಟುಕೊಂಡು ಬಿಡುಗಡೆ ಆಗದು ಎಂದೆ. ಯಜಮಾನರು ತಾವೂ ಒಮ್ಮೆ ಕೇಳಿ, ತಮಗೇನೂ ವ್ಯತ್ಯಾಸ ಕಾಣುವುದಿಲ್ಲ ಎಂದರು. ಆಮೇಲೆ ತಾವೇ, ನಿಮ್ಮ ಕಿವಿ ಮುಂದೆ ನಮ್ಮದೇನು ಬಿಡಿ ಎಂದರು.

ಮಧ್ಯಾಹ್ನದ ಹೊತ್ತಿಗೆ ಗುಮ್ಮನನ್ನು ಹಲ್ಲಿನ ಡಾಕ್ಟರ ಸೈಟಿಗೆ ಹಾಕಿದರು. ತನ್ನ ಕೀಬೋರ್ಡು, ನೀರಿನ ಬಾಟಲಿ, ಒಂದು ಸಣ್ಣ ಗಿಡದ ಕುಂಡ ಎತ್ತಿಕೊಂಡು ಕಿಟಕಿಯ ಕಡೆಗೆ ಹೋದ. ಹೋಗುವಾಗ ನಿಂತು ಏನೋ ಹೇಳಿದ. ನಾನು ತಿರುಗಿ ನೋಡಲಿಲ್ಲ. ಅನುಭವಿಸಲಿ, ನಗುವ ನೀಲಿ ಹುಡುಕಲಿ.

ಫೆಬ್ರುವರಿ 22, ಶನಿವಾರ

ಗುಮ್ಮ ಬರೆದದ್ದನ್ನು ಸಾಲುಸಾಲಾಗಿ ಓದಿದೆ. ಚೊಕ್ಕಟವಾಗಿದೆ, ಅದೇ ಸಿಟ್ಟು. ತಪ್ಪು ಕಣ್ಣಿಗೆ ಕಾಣುತ್ತಿಲ್ಲ. ಎಲ್ಲಿ ಬಚ್ಚಿಟ್ಟಿದ್ದಾನೋ.

ಕೀವು ಗೀವು ಏನೂ ಇಲ್ಲ, ನೋವೂ ಇಲ್ಲ, ಕಿವಿ ಹತ್ತಿ ತುರುಕಿದ ಹಾಗಿದೆ ಅಷ್ಟೆ. ರಸ್ತೆ ದಾಟುವಾಗ ಒಬ್ಬ ಬೈಕಿನವನು ಮೈಮೇಲೇ ಬಂದ. ಹಾರ್ನ್ ಹೊಡೆಯುವ ಸೌಜನ್ಯವೂ ಇಲ್ಲ ಈ ಜನಕ್ಕೆ. ಹೊಡೆದೆ ಎಂದು ವಾದಿಸಿದ, ನೀರಿಳಿಸಿ ಕಳಿಸಿದೆ.

ಫೆಬ್ರುವರಿ 25, ಮಂಗಳವಾರ

ಗೆದ್ದೆ! ತಪ್ಪು ಸಿಗದಿದ್ದರೆ ಕತ್ತೆಬಾಲ, ಅದರ ಮೇಲೊಂದು ತೇಪೆ ಹಾಕಿದೆ. ಎಡ ಚಾನಲ್ಲನ್ನು ಎರಡು ಪಟ್ಟು ಏರಿಸಿದೆ, ಏನೂ ಇಲ್ಲ. ನಾಲ್ಕು ಪಟ್ಟು, ಉಹುಂ. ಎಂಟು ಪಟ್ಟು ಏರಿಸಿದಾಗ ದೂರದಲ್ಲಿ ಗುರ್ ಎಂದು ತಂಗಿ ಕಾಣಿಸಿಕೊಂಡಳು. ದನಿ ತಗಡಿನ ಹಾಗಿದೆ, ಆದರೂ ಅವಳೇ. ಕಣ್ಣಲ್ಲಿ ನೀರು ಬಂತು. ಬೇರೆ ಯಾರಿಂದಲೂ ಪರೀಕ್ಷೆ ಮಾಡಿಸಲಿಲ್ಲ. ಮಾಡಿಸಿದರೆ ತಾನೇ ಆ ಮಾತು ಬರುವುದು, ನನ್ನ ಮಿಷನ್‌ನಲ್ಲಿ ಹಾಗೆ, ನನ್ನ ಮಿಷನ್‌ನಲ್ಲಿ ಹೀಗೆ ಎಂದು.

ಫೆಬ್ರುವರಿ 28, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಗ್ರಂಥಾಲಯದ ಓದುಕೋಣೆಯಲ್ಲಿ ಬಿಡುಗಡೆ. ಮೇಜಿನ ಮೇಲೆ ಸಾಲಾಗಿ ಹೆಡ್‌ಫೋನ್‌ಗಳು. ಬಂದವರು ಹೆಚ್ಚೇನಿಲ್ಲ, ಎಲ್ಲ ಈ ಹುಚ್ಚಿನವರೇ, ನನ್ನ ಜನ. ಗ್ರಂಥಪಾಲಕಿ ಮೊದಲು ಗುಂಡಿ ಅಂಗಡಿಯವರನ್ನೇ ಕೇಳುತ್ತೇನೆಂದು ಹೆಡ್‌ಫೋನ್ ಏರಿಸಿದರು. ಅಕ್ಕನ ಸಾಲು ಮುಗಿಯುತ್ತ ಬರುವವರೆಗೆ ಮುಗುಳ್ನಗುತ್ತಿದ್ದವರು ಒಮ್ಮೆಲೇ ಹೆಡ್‌ಫೋನನ್ನು ಕಿತ್ತು ಬಿಸಾಕಿ ಕಿವಿ ಮುಚ್ಚಿಕೊಂಡರು. ಪಕ್ಕದ ಮುದುಕರೊಬ್ಬರೂ ಕಿತ್ತರು, ಯಾರಮ್ಮ ಇದನ್ನು ಮಾಡಿದ್ದು ಎಂದು ಕೂಗಿದರು. ಯಜಮಾನರು ನನ್ನನ್ನು ನೋಡಿದರು. ನಾನು ಏನು ಹೇಳಿದೆ? ಗುಮ್ಮನ ಪ್ಲೇಯರ್ ಎಂದೆ. ಹೌದು, ಆಗಲೂ ಅದನ್ನೇ ಹೇಳಿದೆ.

ಸಾಮಾನು ಹೊರಲೆಂದು ಅವನನ್ನೂ ಕರೆತಂದಿದ್ದರು. ಅವನು ಬಂದು ನನ್ನ ಮುಖದೆದುರೇ ನಿಂತ. ಅವನ ಮಾತು ಅಷ್ಟು ಸ್ಪಷ್ಟವಾಗಿ ಕೇಳಿದ್ದು ಅದೇ ಮೊದಲು.

"ಹೆಡ್‌ಫೋನ್ ಉಲ್ಟಾ ಹಾಕ್ಕೊಳ್ಳಿ. ಎಡದ್ದು ಬಲಕ್ಕೆ."

"ನನಗೆ ಹೆಡ್‌ಫೋನ್ ಹಾಕ್ಕೊಳ್ಳೋದು ಕಲಿಸ್ತೀಯಾ ನೀನು?"

"ಒಂದೇ ಸಲ ಹಾಕ್ಕೊಳ್ಳಿ. ನಂದು ತಪ್ಪಾಗಿದ್ರೆ ನಾಳೆಯಿಂದ ಬರಲ್ಲ."

ಅವನ ಮಾನ ಕಳೆಯಬೇಕೆಂದೇ ತಿರುಗಿಸಿ ಹಾಕಿಕೊಂಡೆ. ತಂಗಿ ಕಿರುಚಿದಳು. ಬಲಗಿವಿ ಒಡೆಯುವ ಹಾಗೆ, ಎಂಟು ಪಟ್ಟು. ಅಕ್ಕ ಇರಲಿಲ್ಲ. ತೆಗೆದು ಮೊದಲಿನಂತೆ ಹಾಕಿದೆ. ಅಕ್ಕ ಇದ್ದಳು, ತಂಗಿ ಅದೇ ದೂರದ ಗುರ್ ಅಷ್ಟೆ. ಮತ್ತೆ ತಿರುಗಿಸಿದೆ. ಎಷ್ಟು ಸಲ ಹಾಗೆ ಮಾಡಿದೆನೋ, ಕೊನೆಗೆ ಗ್ರಂಥಪಾಲಕಿ ಬಂದು ನನ್ನ ಕೈ ಹಿಡಿದುಕೊಂಡರು.

ಕೇಬಲ್ ಬದಲಿಸಿದ್ದೆ. ಬ್ರೌಸರ್ ಬದಲಿಸಿದ್ದೆ. ಕಂಡವರ ಹೆಡ್‌ಫೋನ್ ಇಸಕೊಂಡಿದ್ದೆ. ಇಷ್ಟು ಮಾಡಲಿಲ್ಲ. ಕೆಟ್ಟಿರುವುದು ನಾನು.

ಮಾರ್ಚ್ 1, ಶನಿವಾರ

ಇವರು ಕೆಲಸಕ್ಕೆ ರಜೆ ಹಾಕಿ ಕರೆದುಕೊಂಡು ಹೋದರು. ದಾರಿಯಲ್ಲಿ ಹೇಳಿದ್ದೆನಲ್ಲ ಎಂದು ಒಂದು ಸಲ ಅಂದಿದ್ದರೆ ಅಲ್ಲೇ ಜಗಳ ತೆಗೆದು ಹಗುರವಾಗುತ್ತಿದ್ದೆ, ಅದನ್ನೂ ಅನ್ನಲಿಲ್ಲ.

ಕಿವಿಯ ಡಾಕ್ಟರು ಹೆಂಗಸು. ನನ್ನನ್ನು ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ಕೈಗೆ ಗುಂಡಿ ಕೊಟ್ಟು, ಶಬ್ದ ಕೇಳಿದಾಗಲೆಲ್ಲ ಒತ್ತಬೇಕು ಎಂದರು. ಬಲಗಿವಿಗೆ ಸಣ್ಣಸಣ್ಣ ಶಬ್ದಕ್ಕೂ ಒತ್ತಿದೆ, ಗಾಜಿನಾಚೆ ಆಕೆ ತಲೆದೂಗಿದರು. ಆಮೇಲೆ ಎಡಕ್ಕೆ ಎಂದು ಸನ್ನೆ ಮಾಡಿದರು. ಬೆರಳು ಗುಂಡಿಯ ಮೇಲಿಟ್ಟು ಕಾದೆ. ಕಾದೆ. ಇನ್ನೂ ಯಾಕೆ ಶುರು ಮಾಡಿಲ್ಲ ಎಂದು ಸಿಡಿಮಿಡಿಗೊಂಡು ಗಾಜಿಗೆ ತಟ್ಟಿದೆ. ಮುಗೀತು ಎಂದರು.

ನರಕ್ಕೆ ಪೆಟ್ಟಾಗಿದೆಯಂತೆ. ಯಾಕಾಯಿತು ಎಂದು ಹೇಳಲಾಗುವುದಿಲ್ಲವಂತೆ. ಕೂಂ ಎನ್ನುವುದೂ ಫ್ರಿಜ್ಜಲ್ಲ, ಪಂಪಲ್ಲ, ಅದೇ ಕಿವಿಯಂತೆ. ಎಂಟು ಪಟ್ಟು ಏರಿಸಿದಾಗ ಕೇಳಿಸಿದ್ದೂ ತಲೆಬುರುಡೆಯ ಮೂಲಕ ಬಲಗಿವಿಗೆ ದಾಟಿದ್ದಂತೆ. ಮಾತ್ರೆ ಕೊಟ್ಟಿದ್ದಾರೆ, ಕಿವಿಯೊಳಗೆ ಸೂಜಿಮದ್ದೂ ಹಾಕುತ್ತಾರೆ.

"ಶುರುವಾದ ನಾಲ್ಕೈದು ದಿನದಲ್ಲಿ ಬಂದಿದ್ರೆ ಹಿಡಿಯೋ ಅವಕಾಶ ಜಾಸ್ತಿ ಇತ್ತು. ಈಗಲೂ ಪ್ರಯತ್ನ ಮಾಡೋಣ."

ಆ ಮಾತಿಗೆ ನಾನು ಡಾಕ್ಟರ ಮೇಲೆ ಎಗರಿಬಿದ್ದೆ. ಇಂಥದ್ದೊಂದು ಇದೆ ಎಂದು ಬೀದಿಬೀದಿಯಲ್ಲಿ ಬರೆದು ಹಾಕಬಾರದೇ ಎಂದು ಕೂಗಿದೆ. ಇವರು ಆಕೆಯ ಬಳಿ ಕ್ಷಮೆ ಕೇಳಿದರು. ಹೊರಗೆ ಬಂದ ಮೇಲೆ, ಹೇಳದೆ ಕೇಳದೆ, ನನ್ನ ಬಲಗಡೆಗೆ ಬಂದು ನಡೆಯತೊಡಗಿದರು.

ಮಾರ್ಚ್ 4, ಮಂಗಳವಾರ

ತೇಪೆ ಕಿತ್ತುಹಾಕಿದೆ. ಪ್ಲೇಯರ್ ಮೊದಲು ಹೇಗಿತ್ತೋ ಹಾಗೆ. ಅದಕ್ಕೆ ಕೀಬೋರ್ಡಿನಲ್ಲಿ ಒಂದು ಆದೇಶ ಸಾಕಾಯಿತು, ಹಳೆಯ ಆವೃತ್ತಿ ವಾಪಸು ಬಂತು. ಹಾಳಾದ ಮಿಷನ್ನಿಗೆ ಆ ಭಾಗ್ಯ ಇದೆ.

ಯಜಮಾನರಿಗೆ ನಡೆದದ್ದನ್ನು ಹೇಳಿದೆ. ಹೋಗಲಿ ಬಿಡಿ, ಆರೋಗ್ಯ ನೋಡಿಕೊಳ್ಳಿ ಎಂದು ಎದ್ದರು. ಹೋಗಲಿ ಬಿಡಿ ಎಂದರೆ ಹೇಗೆ, ಅವನನ್ನು ವಾಪಸು ಕರೆಯಿರಿ ಎಂದೆ. ನೀವೇ ಹೇಳಿದಿರಲ್ಲ ಎಂದರು. ನಾನು ಹೇಳಿದ ಮಾತ್ರಕ್ಕೆ ಒಬ್ಬನ ಕೆಲಸ ಕಿತ್ತುಕೊಳ್ಳುವ ನೀವೆಂಥ ಯಜಮಾನರು ಎಂದುಬಿಟ್ಟೆ. ಇಡೀ ಆಫೀಸು ತಿರುಗಿ ನೋಡಿತು. ನನ್ನ ದನಿ ಎಷ್ಟು ಜೋರಾಗಿದೆಯೆಂದು ಈಗ ನನಗೇ ತಿಳಿಯುವುದಿಲ್ಲ.

ಆಮೇಲೆ ಕಿಟಕಿಯ ಕಡೆ ಹೋದೆ. ತಪ್ಪಾಯಿತು ಎಂದೆ. ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಪ್ರತಿಯೊಂದು ಸಲ ಉತ್ತರ ಕೊಟ್ಟಿದೀನಿ ಮೇಡಮ್. ಮನೇಲಿ ಹೆಂಡತಿ ಕೇಳ್ತಾಳೆ, ಅವರಿಗೆ ಎದುರುತ್ತರ ಕೊಟ್ಯಾ ಅಂತ. ಕೊಟ್ಟೆ, ಅವರು ನೋಡ್ಲೂ ಇಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು."

ಅವನು ನೀಲಿ ಬಣ್ಣ ಬದಲಿಸುತ್ತಿದ್ದ.

ಮಾರ್ಚ್ 11, ಮಂಗಳವಾರ

ಮತ್ತೆ ಅದೇ ಕೋಣೆ, ಅದೇ ಗುಂಡಿ. ಎಡಕ್ಕೆ ಒಂದು ಸಲವೂ ಒತ್ತಲಿಲ್ಲ.

ಮನೆಗೆ ಬಂದು ಒಂದು ತಟ್ಟೆ ಒಡೆದೆ. ಊಟದ ತಟ್ಟೆ. ಇವರು ಚೂರು ಗುಡಿಸಿ, ಇನ್ನೊಂದು ತಂದು ಕೈಗೆ ಕೊಟ್ಟರು. ಅದನ್ನು ಒಡೆಯಲಿಲ್ಲ.

ಮಾರ್ಚ್ 14, ಶುಕ್ರವಾರ

ಗುಮ್ಮ ವಾಪಸು ಬಂದ. ಕುಂಡವನ್ನು ಹಳೆಯ ಜಾಗದಲ್ಲೇ ಇಟ್ಟು, ಮತ್ತೆ ಎತ್ತಿಕೊಂಡು ನನ್ನ ಬಲಗಡೆಯ ಮೇಜಿಗೆ ಹೋದ. ಅಲ್ಲಿ ಬೆಳಕು ಕಡಿಮೆ, ಗಿಡ ಒಣಗುತ್ತದೆ ಎಂದೆ. ಒಣಗಲ್ಲ ಅಂದ. ಮುಖ ಇನ್ನೂ ಗಂಟೇ ಇದೆ, ಇರಬೇಕಾದ್ದೇ.

ಮಾರ್ಚ್ 20, ಗುರುವಾರ

ಒಂದು ವಾರದಿಂದ ಬರೆಯುತ್ತಿದ್ದದ್ದನ್ನು ಇವತ್ತು ಪ್ಲೇಯರಿಗೆ ಸೇರಿಸಿದೆ. ಮೂಲೆಯಲ್ಲಿ ಸಣ್ಣದೊಂದು ಗುಂಡಿ: 'ಒಂದೇ ಕಿವಿಗೆ'. ಒತ್ತಿದರೆ ಎಡದ್ದನ್ನೂ ಬಲದ್ದನ್ನೂ ಕೂಡಿಸಿ, ಕೇಳುವ ಕಿವಿಗೆ ಕೊಡುತ್ತದೆ. ಗುಮ್ಮ ಓದಿ ನೋಡಿ ಎರಡು ತಪ್ಪು ಹಿಡಿದ. ಎರಡೂ ನಿಜವಾದ ತಪ್ಪುಗಳೇ. ತಿದ್ದಿದೆ.

ಯಜಮಾನರು ಗ್ರಂಥಾಲಯದವರನ್ನು ಕೂರಿಸಿಕೊಂಡು ಸೈಟು ತೋರಿಸುವಾಗ ಅದನ್ನು ಕಂಡರು. ಇದನ್ನು ಯಾರೂ ಕೇಳಿರಲಿಲ್ಲವಲ್ಲ ಎಂದರು. ಎರಡು ಮೈಕಿಟ್ಟು ಮಾಡಿದ ತಟ್ಟೆಯನ್ನು ಕಲಸಿ ಕೇಳುವವರು ಯಾರಿದ್ದಾರೆ, ಸುಮ್ಮನೆ ಜಾಗ ದಂಡ, ತೆಗೆದುಬಿಡಿ ಎಂದರು. ಅವರನ್ನು ಏನೆನ್ನಲಿ? ಕಲಸಿ ಕೇಳುವವರಿಗೆ ಸಂಗೀತವೇ ಬೇಕಿಲ್ಲ ಎಂದು ಇಷ್ಟು ವರ್ಷ ಆ ಆಫೀಸಿನಲ್ಲಿ ಸಾರಿದವಳು ನಾನೇ. ಆದರೂ ಸಿಟ್ಟು ಕೈಬಿಡಲಿಲ್ಲ.

"ನಾನಿದೀನಿ. ನನಗೆ ಒಂದು ಕಿವಿ ಕೇಳಲ್ಲ. ಇನ್ನು ಮೇಲೂ ಕೇಳಲ್ಲ. ಆ ಗುಂಡಿ ಅಲ್ಲೇ ಇರುತ್ತೆ."

ಇಷ್ಟು ದಿನದಲ್ಲಿ ಇನ್ನು ಮೇಲೂ ಕೇಳಲ್ಲ ಎಂಬ ಮಾತನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಗ್ರಂಥಪಾಲಕಿ ಮೆಲ್ಲನೆ, ಇರಲಿ ಎಂದರು.

ಎಲ್ಲರೂ ಎದ್ದು ಹೋದ ಮೇಲೆ ಗುಂಡಿ ಅಂಗಡಿಯವರನ್ನು ಹಾಕಿದೆ. ಆ ಗುಂಡಿ ಒತ್ತಿದೆ. ಅಕ್ಕ ಬಂದಳು, ಅವಳ ಹಿಂದೆಯೇ ತಂಗಿ, ಒಂದೇ ಕಿರಿದಾದ ಬಾಗಿಲಲ್ಲಿ ಇಬ್ಬರೂ ನುಗ್ಗಿದ ಹಾಗೆ. ಮೊದಲಿನಂತೆ ಅವರ ಮಧ್ಯೆ ಕೂರಲು ಜಾಗವಿಲ್ಲ. ನಾನು ಅಂಗಡಿಯ ಹೊರಗೆ ನಿಂತು ಕೇಳುವವಳು. ಚೆನ್ನಾಗಿಲ್ಲ. ಒಂದಿಷ್ಟೂ ಚೆನ್ನಾಗಿಲ್ಲ. ಕೊನೆಯ ಸಾಲಿನವರೆಗೂ ಕೇಳಿದೆ, ಆಮೇಲೆ ಮೊದಲಿನಿಂದ ಹಾಕಿದೆ.